ನಾಲ್ಕು ಗಂಟೆಯವರು

ಮಾರ್ಚ್ ೨, ಸೋಮವಾರ

ಬರೆಯುವ ಅಭ್ಯಾಸ ನನಗಿಲ್ಲ. ಬೀಗ ಬಿಚ್ಚುವವಳಿಗೆ ಪೆನ್ನು ಯಾಕೆ? ಆದರೆ ಇನ್‌ಸ್ಪೆಕ್ಟರ್ ಹೇಳಿದರು, "ಏನೇನು ನೆನಪಿದ್ಯೋ ಎಲ್ಲ ತಾರೀಖು ಹಾಕಿ ಬರೆದಿಡಿ. ಏಪ್ರಿಲ್ ಆರಕ್ಕೆ ಹೇಳಿಕೆ ತಗೋತೀವಿ, ಅಷ್ಟರೊಳಗೆ ಮರ್ತುಬಿಡ್ತೀರಿ." ಮರೆಯುತ್ತೇನಂತೆ! ಆ ಮನುಷ್ಯನ ಮನೆಯಲ್ಲಿ ಇನ್ನೂ ಯಾರೂ ಸತ್ತಿಲ್ಲ ಅಂತ ಕಾಣುತ್ತದೆ.

ಸರಿ. ಫೆಬ್ರವರಿ ಹನ್ನೊಂದು, ಬುಧವಾರ. ನನ್ನ ತಮ್ಮ, ವಯಸ್ಸು ಮೂವತ್ತನಾಲ್ಕು, ಮಧ್ಯಾಹ್ನ ಮೂರು ಹತ್ತಕ್ಕೆ ನಮ್ಮ ಮನೆಯ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಚಟ ಬಿಡಿಸುವ ಕೇಂದ್ರದಿಂದ ಬಂದು ಆರು ದಿನವಾಗಿತ್ತು. ನಾನು ಮುಂದಿನ ಕೋಣೆಯಲ್ಲಿ, ಅಂದರೆ ನಮ್ಮ ಅಂಗಡಿಯಲ್ಲಿ, ಒಂದು ಪೆಟ್ಟಿಗೆ ಬೀಗದ ಸ್ಪ್ರಿಂಗು ಬದಲಿಸುತ್ತಿದ್ದೆ. ಮೂರು ಐವತ್ತಕ್ಕೆ ಬಾಗಿಲು ತಟ್ಟಿದೆ. ಮಧ್ಯದ ನಲವತ್ತು ನಿಮಿಷದಲ್ಲಿ ವಿಶೇಷವೇನೂ ನಡೆಯಲಿಲ್ಲ. ಬಾಗಿಲು ಒಡೆಯಲು ಹನ್ನೊಂದು ನಿಮಿಷ ಹಿಡಿಯಿತು. ತಮ್ಮ ಗೋಡೆಗೆ ಒರಗಿ ಕೂತಿದ್ದ, ತುಟಿ ನೀಲಿಯಾಗಿತ್ತು. ಅಮಲಿನ ಪುಡಿ ಹೆಚ್ಚಾಗಿ ಉಸಿರು ನಿಂತಿದೆ ಎಂದರು ಡಾಕ್ಟರು.

ಊರಲ್ಲಿ ಯಾರ ಬಾಗಿಲು ಹಾಕಿಕೊಂಡರೂ "ಬೀಗದಕ್ಕನ್ನ ಕರೀರಿ" ಎನ್ನುತ್ತಾರೆ. ಎಂಥ ಬಾಗಿಲಾದರೂ ನನಗೆ ಎರಡು ನಿಮಿಷ. ಈ ಚಿಲಕ ಮಾತ್ರ ನಾನೇ ಮಾಡಿದ್ದು. ತಮ್ಮನೂ ಅಪ್ಪನ ಹತ್ತಿರವೇ ಕಸುಬು ಕಲಿತವನು. ನಾನು ಹಾಕಿದ ಯಾವ ಬೀಗವನ್ನಾದರೂ ತೆಗೆದು, ಒಳಗಿದ್ದದ್ದನ್ನು ಮಾರಿ ಬರುತ್ತಿದ್ದ. ನಾನು ಸ್ನಾನಕ್ಕೆ ಹೋಗುವಾಗ ಪರ್ಸು, ಸರ, ಅಂಗಡಿ ಕೀಲಿ ಎಲ್ಲ ಒಳಗೇ ಒಯ್ಯಬೇಕಾಗಿತ್ತು. ಅದಕ್ಕೇ ಹೊರಗಿನಿಂದ ಯಾರೂ, ಕೊನೆಗೆ ನಾನೂ ಸಹ, ತೆಗೆಯಲಾಗದ ಚಿಲಕ ಮಾಡಿ ಕೂರಿಸಿದೆ. ಕೂರಿಸಿದ ದಿನ ಹೆಮ್ಮೆಯಿಂದ ಅಮ್ಮನನ್ನು ಕರೆದು ತೋರಿಸಿದ್ದೆ.

ಪುಡಿಗೆ ಜೊತೆಯಾದವನು ಪೇಂಟರ್. ಕೇಂದ್ರದಲ್ಲಿ ತಮ್ಮನ ಪಕ್ಕದ ಮಂಚದವನು, ಇಬ್ಬರೂ ಒಂದೇ ದಿನ ಹೊರಬಂದರು. ಎರಡು ಸಲ ಅಂಗಡಿಗೆ ಬಂದಿದ್ದ. ಎರಡನೇ ಸಲ, "ಇನ್ನೊಂದ್ಸಲ ಈ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ" ಎಂದು ಕಳಿಸಿದ್ದೆ. "ಅನುಮಾನದ ಮೇಲೆ ಯಾರನ್ನೂ ಹಿಡಿಯೋಕಾಗಲ್ಲ, ಗಟ್ಟಿ ಸಾಕ್ಷಿ ತನ್ನಿ" ಎಂದಿದ್ದಾರೆ ಇನ್‌ಸ್ಪೆಕ್ಟರ್. ತರುತ್ತೇನೆ. ಅವನು ಜೈಲಿಗೆ ಹೋಗುವುದನ್ನು ನೋಡಬೇಕು. ಈ ಪುಸ್ತಕ ಅದಕ್ಕೇ.

ಮಾರ್ಚ್ ೪, ಬುಧವಾರ

ಮೂರು ವಾರ. ಕೂತಲ್ಲಿ ಕೂರಲಾಗುತ್ತಿಲ್ಲ, ಮೈಮೇಲೆ ಇರುವೆ ಬಿಟ್ಟ ಹಾಗೆ. ಕೀಲಿ ಉಜ್ಜಲು ಕೂತೆ, ಎದ್ದೆ, ಬೀದಿಯ ಕೊನೆತನಕ ಹೋಗಿ ಬಂದೆ, ಮತ್ತೆ ಕೂತೆ. ಒಬ್ಬರ ಗೇಟಿನ ಕೀಲಿಯನ್ನು ಇನ್ನೊಬ್ಬರ ಬೀರುವಿಗೆ ಕೊಟ್ಟು ಕಳಿಸಿದ್ದೆ, ಇಬ್ಬರೂ ಬಂದು ಬೈದು ಹೋದರು. ಬೈಯಲಿ, ಅಷ್ಟು ಹೊತ್ತಾದರೂ ಒಂದೇ ಕಡೆ ನಿಂತಿದ್ದೆ.

ಮಧ್ಯಾಹ್ನ ಮನೆಯ ಒಳಬಾಗಿಲುಗಳ ಚಿಲಕಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿದೆ. "ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗ್ಲು ಹಾಕಿದ್ರಂತೆ. ನೀನು ದಿಡ್ಡಿ ಬಾಗ್ಲನ್ನೂ ಬಿಚ್ಚೋಕೆ ಹೊರಟಿದ್ದೀಯ" ಎಂದಳು ಅಮ್ಮ. ಬಚ್ಚಲಿಗೆ ಒಂದು ಹಳೆಯ ಹೊದಿಕೆ ಕಟ್ಟಿದ್ದಾಳೆ. ಹೊಸ ಬಾಗಿಲು ಹಾಕಿಸು ಎಂದು ದಿನಕ್ಕೆರಡು ಸಲ ಹೇಳುತ್ತಾಳೆ. ಅದು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿಲ್ಲ.

ಮಾರ್ಚ್ ೫, ಗುರುವಾರ

ಚೀಲವನ್ನೂ ಇಳಿಸದೆ ಬರೆಯಲು ಕೂತಿದ್ದೇನೆ.

ಯಾರೋ ಹೆಂಗಸು ಫೋನ್ ಮಾಡಿ, ಬಚ್ಚಲ ಬಾಗಿಲಿಗೆ ಹೊರಗಿನಿಂದ ತೆಗೆಯಬಹುದಾದ ಚಿಲಕ ಬೇಕು ಎಂದರು. ಹಿಂದಿನ ಬೀದಿಯಲ್ಲೇ, ಸೈಕಲ್ ರಿಪೇರಿ ಅಂಗಡಿಯ ಮಹಡಿ. ಉದ್ದನೆಯ ಹಜಾರ, ಒಂದಕ್ಕೊಂದು ಹೋಲದ ಹದಿನೈದು ಕುರ್ಚಿ, ಮೂಲೆಯಲ್ಲಿ ಟೀ ಕಾಸುವ ಒಲೆ. ಕರೆದವರು ರಿಟೈರಾದ ನರ್ಸು. ಅಲ್ಲಿ ಎಲ್ಲರೂ ಅವರನ್ನು ನರ್ಸಮ್ಮ ಎನ್ನುತ್ತಾರೆ. ಆಸ್ಪತ್ರೆಯ ದನಿ ಅವರದು, ಕೇಳಿದ ಕೂಡಲೇ ಎದ್ದು ನಿಲ್ಲಬೇಕೆನಿಸುತ್ತದೆ.

ಬಚ್ಚಲ ಒಳಗಿಂದ ಗಂಡು ದನಿಯೊಂದು ಗಟ್ಟಿಯಾಗಿ ಪೇಪರು ಓದುತ್ತಿತ್ತು. "ಎರಡು ಕೋಣೆ, ಮೊದಲ ಮಹಡಿ, ನೀರಿನ ಸೌಕರ್ಯವಿದೆ, ನಾಯಿ ಸಾಕುವವರಿಗೆ ಇಲ್ಲ..."

"ಇದೇನಮ್ಮ, ಬಾಡಿಗೆ ಮನೆ ಜಾಹೀರಾತನ್ನ ಬಚ್ಚಲಲ್ಲಿ ಕೂತು ಓದ್ತಾರೆ?" ಎಂದೆ.

"ಇಲ್ಲಿ ಅದೇ ಕಾನೂನು. ಒಳಗೆ ಹೋದೋರು ಬಾಯಿ ಮುಚ್ಚಬಾರದು. ಹಾಡ್ಲಿ, ಓದ್ಲಿ, ನನ್ನನ್ನೇ ಬೈಲಿ. ದನಿ ನಿಂತ್ರೆ ಹೊರಗಿದ್ದೋರು ಹತ್ತು ಎಣಿಸಿ ತಟ್ತಾರೆ, ಇಪ್ಪತ್ತಕ್ಕೆ ಒಳಗೆ ನುಗ್ತಾರೆ. ಎಲ್ರೂ ಪುಡಿ ಬಿಡ್ತಿರೋರು, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಈಗಿರೋ ಚಿಲಕ ಮಾತ್ರ ಹೊರಗಿಂದ ಬಿಚ್ಚಕ್ಕೇ ಬರಲ್ಲ ನೋಡಿ."

ನಾನು ಸ್ಕ್ರೂಡ್ರೈವರ್ ಹಿಡಿದು ನಿಂತೇ ಇದ್ದೆ. ಬಾಗಿಲು ತೆರೆಯಿತು. ಕೈಯಲ್ಲಿ ಪೇಪರು ಹಿಡಿದು ಹೊರಗೆ ಬಂದವನು ಪೇಂಟರ್.

ಅವನೂ ನೋಡಿದ, ನಾನೂ ನೋಡಿದೆ. ಕೆಲಸವನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲಿಳಿದು ಬಂದೆ. ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಇದೇ ಮೊದಲು.

ಮಾರ್ಚ್ ೬, ಶುಕ್ರವಾರ

ಯೋಚಿಸಿದೆ. ಬೇಟೆ ಎಲ್ಲಿದೆ ಎಂದು ಗೊತ್ತಾದ ಮೇಲೆ ಓಡಿ ಬರುವವಳು ದಡ್ಡಿ. ಅರ್ಧ ಬಿಟ್ಟ ಕೆಲಸ ಮುಗಿಸುವ ನೆವದಲ್ಲಿ ಹೋದೆ. ಆಗ ನಾಲ್ಕು ಗಂಟೆ, ಅವರ ಸಭೆ ಶುರುವಾಗಿತ್ತು. ದಿನವೂ ನಾಲ್ಕಕ್ಕೇ ಅಂತೆ. "ಬೆಳಿಗ್ಗೆ ಕೆಲಸ ಇರುತ್ತೆ, ಸಂಜೆ ಮನೆಯೋರಿರ್ತಾರೆ, ನಾಲ್ಕು ಗಂಟೆಗೆ ಮಾತ್ರ ಯಾರೂ ಇರಲ್ಲ. ಎರಡು ವರ್ಷದಲ್ಲಿ ಏಳು ಜನನ್ನ ಕಳ್ಕೊಂಡಿದ್ದೀವಿ, ಒಬ್ಬರ ಪಕ್ಕದಲ್ಲೂ ಯಾರೂ ಇರ್ಲಿಲ್ಲ" ಎಂದರು ನರ್ಸಮ್ಮ.

ಪ್ರತಿಯೊಬ್ಬರೂ ಪುಡಿ ಬಿಟ್ಟು ಎಷ್ಟು ದಿನವಾಯಿತು ಎಂದು ಹೇಳಬೇಕು, ಅಷ್ಟೇ. ಮೇಷ್ಟ್ರು ಅಂತೊಬ್ಬರಿದ್ದಾರೆ, ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವರು, ಒಂದೇ ಶಾಲೆಯಿಂದ ಎರಡು ಸಲ ಕೆಲಸ ಕಳೆದುಕೊಂಡಿದ್ದಾರೆ. "ನಾನೂರ ಹನ್ನೆರಡು. ಇಷ್ಟು ಹಾಜರಿ ಶಾಲೇಲಿ ಹಾಕಿದ್ದಿದ್ರೆ ಹೆಡ್‌ಮಾಸ್ಟರ್ ಆಗ್ತಿದ್ದೆ" ಎಂದರು. ಎಲ್ಲರೂ ನಕ್ಕರು. ಪೇಂಟರ್ ನೆಲ ನೋಡುತ್ತ "ಇಪ್ಪತ್ಮೂರು" ಎಂದ.

ಬೆರಳು ಮಡಚಿ ಲೆಕ್ಕ ಹಾಕಿದೆ. ಫೆಬ್ರವರಿ ಹನ್ನೊಂದು. ಅಂದರೆ ಅವತ್ತು ಅವನೂ ತೆಗೆದುಕೊಂಡಿದ್ದಾನೆ. ಇದು ಸಾಕ್ಷಿ ಒಂದು.

ಮಾರ್ಚ್ ೧೦, ಮಂಗಳವಾರ

ಚಿಲಕಕ್ಕೆ ಎಣ್ಣೆ ಬಿಡಲು ಹೋಗಿದ್ದೆ. ನಿನ್ನೆ ಸ್ಕ್ರೂ ಬಿಗಿ ನೋಡಲು ಹೋಗಿದ್ದೆ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ, ಪತ್ತೇದಾರಿಣಿಗೂ ಬೇಕಾಗುತ್ತದೆ.

ಸಾಕ್ಷಿ: ಪೇಂಟರ್ ಎರಡು ಲೋಟ ಟೀ ಕುಡಿದ. ಎಡಗೈಗೆ ನೀಲಿ ಬಣ್ಣ ಹತ್ತಿತ್ತು. ಮಧ್ಯಾಹ್ನ ಊಟ ಮಾಡಿರಲಿಲ್ಲ ಅನ್ನಿಸುತ್ತದೆ. ಮೇಷ್ಟ್ರು ಬಿಸ್ಕತ್ತಿನ ಪೊಟ್ಟಣ ಅವನ ಕಡೆ ತಳ್ಳಿದರು.

ಪುಡಿ ಹೆಚ್ಚಾಗಿ ಬಿದ್ದವರನ್ನು ಎಬ್ಬಿಸಲು ಮೂಗಿಗೆ ಹೊಡೆಯುವ ಔಷಧಿಯ ಬಳಕೆಯನ್ನು ನರ್ಸಮ್ಮ ಇವತ್ತು ಎಲ್ಲರಿಗೂ ಕಲಿಸಿದರು. ನನ್ನನ್ನೂ ಬಿಡಲಿಲ್ಲ. ಮೇಷ್ಟ್ರನ್ನು ನೆಲದ ಮೇಲೆ ಮಲಗಿಸಿ ತಲೆ ಹಿಂದಕ್ಕೆ ಬಾಗಿಸು, ಮೂಗಿನ ಹೊಳ್ಳೆಗೆ ಒತ್ತು, ಆಂಬ್ಯುಲೆನ್ಸಿಗೆ ಹೇಳು, ಉಸಿರು ಕೊಡು, ಎರಡು ಮೂರು ನಿಮಿಷಕ್ಕೂ ಎದ್ದೇಳದಿದ್ದರೆ ಇನ್ನೊಂದು, ಎದ್ದ ಮೇಲೂ ಬಿಟ್ಟು ಹೋಗಬೇಡ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ವಸ್ತು ಅದು.

ಆಮೇಲೆ ಅವರು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. "ಬಿಟ್ಟು ಕೆಲವು ವಾರ ಆಯ್ತು ಅಂದ್ರೆ ದೇಹಕ್ಕೆ ಆ ಅಭ್ಯಾಸ ತಪ್ಪಿರುತ್ತೆ. ಹಳೇ ಅಳತೇಲಿ ತಗೊಂಡ್ರೆ ಮುಗೀತು. ಕೇಂದ್ರದಿಂದ, ಜೈಲಿಂದ ಹೊರಗೆ ಬಂದ ಮೊದಲ ದಿನಗಳೇ ಗಂಡಾಂತರ."

ನಮಗೆ ಯಾರೂ ಹೇಳಿರಲಿಲ್ಲ. ವಾಸಿಯಾಗಿ ಬಂದಿದ್ದಾನೆ ಎಂದು ಆ ಆರು ದಿನ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ದೆ. ಹೇಳಿದ್ದರೆ ಏನು ಮಾಡುತ್ತಿದ್ದೆ? ಮನೆಗೆ ಬಂದು ಹೊಸಿಲ ಮೇಲೆ ನಿಂತು ಒಳಗೆ ಹೊರಗೆ, ಒಳಗೆ ಹೊರಗೆ. ಅಮ್ಮ "ಒಂದು ಕಡೆ ಸಾಯಿ" ಎಂದು ಗದರಿ, ಕೂಡಲೇ ಬಾಯಿ ಮುಚ್ಚಿಕೊಂಡಳು.

ಮಾರ್ಚ್ ೧೩, ಶುಕ್ರವಾರ

ಇವತ್ತು ಹೋಗಬಾರದೆಂದು ನಿಶ್ಚಯಿಸಿದ್ದೆ. ನಾಲ್ಕು ಗಂಟೆಗೆ ನೋಡುತ್ತೇನೆ, ಸೈಕಲ್ ಅಂಗಡಿಯ ಮುಂದೆ ನಿಂತಿದ್ದೇನೆ. ಕೈಯಲ್ಲಿ ಎಣ್ಣೆಯ ಡಬ್ಬಿಯೂ ಇರಲಿಲ್ಲ.

ಮಾರ್ಚ್ ೧೭, ಮಂಗಳವಾರ

ಕೂಗಾಡಿಬಿಟ್ಟೆ. ಬೇಕಿತ್ತೋ ಬೇಡವಿತ್ತೋ ಗೊತ್ತಿಲ್ಲ.

ಸಭೆ ಮುಗಿದ ಮೇಲೆ ನರ್ಸಮ್ಮ ಲೋಟ ತೊಳೆಯುತ್ತ, ನನ್ನ ಮುಖವನ್ನೂ ನೋಡದೆ, "ನೀವು ಯಾರ ಅಕ್ಕ ಅಂತ ನಮಗೆಲ್ಲ ಗೊತ್ತು. ಯಾಕೆ ಬರ್ತೀರಿ ಅನ್ನೋದೂ ಗೊತ್ತು" ಎಂದರು.

"ಗೊತ್ತಿದ್ರೆ ಒಳ್ಳೇದೇ ಆಯ್ತು. ಆರನೇ ತಾರೀಖು ಅವನ ಹೆಸರು ಬರೆಸ್ತೀನಿ."

"ಬರೆಸಿ. ನಾನು ತಡೆಯೋಳಲ್ಲ. ಒಂದು ಮಾತ್ರ ತಿಳ್ಕೊಳ್ಳಿ. ಅವನು ಬದುಕಿರೋದು ಈ ಮೆಟ್ಟಿಲು ಹತ್ತಿ ಬರೋದ್ರಿಂದ. ಇಲ್ಲಿಂದ ಕಿತ್ತು ಒಳಗೆ ಹಾಕಿಸಿದ್ರೆ, ಹೊರಗೆ ಬಂದ ವಾರವೇ ಅವನನ್ನ ನಾನು ಹೊತ್ತು ಹಾಕ್ಬೇಕಾಗುತ್ತೆ. ಎಂಟನೆಯವನು."

ಆಗ ಕಿರುಚಿದೆ. "ನನ್ನ ತಮ್ಮನಿಗೆ ಯಾವ ನಾಲ್ಕು ಗಂಟೆ ಇತ್ತು? ಅವನನ್ನ ಯಾರು ಕರೆದ್ರು? ಇವನು ಮಾತ್ರ ಯಾಕೆ ಬದುಕ್ಬೇಕು?" ಮೆಟ್ಟಿಲಲ್ಲಿ ಪೇಂಟರ್ ನಿಂತಿದ್ದ, ಎಲ್ಲ ಕೇಳಿಸಿಕೊಂಡ. ಕೇಳಿಸಿಕೊಳ್ಳಲಿ ಎಂದೇ ಇನ್ನಷ್ಟು ಜೋರಾಗಿ ಹೇಳಿದೆ. ಮನೆತನಕ ಓಡುತ್ತಲೇ ಬಂದೆ.

ಮಾರ್ಚ್ ೧೮, ಬುಧವಾರ

ಪೇಂಟರ್ ಸಭೆಯಲ್ಲಿ ಎದ್ದು ನಿಂತು ಮಾತಾಡಿದ. ನನ್ನ ಕಡೆ ನೋಡಲಿಲ್ಲ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ನಾವಿಬ್ರೂ ಸೇರಿ ಒಂದೇ ಪೊಟ್ಟಣ ತಗೊಂಡ್ವಿ, ಅರ್ಧ ಅರ್ಧ. ಅವನು ಮನೇಲಿ ತಗೋತೀನಿ ಅಂದ. ನಾನು ಕೆಲಸದ ಕಟ್ಟಡದ ಮೆಟ್ಟಿಲ ಮೇಲೇ ತಗೊಂಡೆ. ಮೊದಲು ತಗೋತಿದ್ದದ್ರಲ್ಲಿ ಅರ್ಧನೂ ಇರ್ಲಿಲ್ಲ, ಆದ್ರೂ ಬಿದ್ದೆ. ಗಾರೆಯವರು ಹೇಗೋ ಅಲ್ಲಾಡಿಸಿ, ಹೊಡೆದು ಎಬ್ಬಿಸಿದ್ರು. ಎದ್ದ ಕೂಡಲೇ ಅವನದ್ದೇ ಯೋಚನೆ. ಅವನ ಹತ್ರ ಫೋನಿರ್ಲಿಲ್ಲ, ಮಾರಿದ್ದ. ಅವರ ಅಂಗಡಿ ನಂಬರಿಗೆ ಮೂರು ಸಲ ಮಾಡ್ದೆ. ಕಟ್ಟಾಯ್ತು. ಎರಡು ಕಿಲೋಮೀಟರು, ಓಡಿದ್ರೆ ಹದಿನೈದು ನಿಮಿಷ. ಬೈತಾರೆ ಅಂತ ಹೆದರ್ಕೊಂಡು ಹೋಗ್ಲಿಲ್ಲ. ಬೈಗುಳಕ್ಕೆ ಹೆದರಿ ಹೋಗ್ಲಿಲ್ಲ."

ಮೇಷ್ಟ್ರು ಅವನ ಅಂಗಿಯ ತುದಿ ಹಿಡಿದು ಕೂರಿಸಿದರು.

ಮಾರ್ಚ್ ೧೯, ಗುರುವಾರ

೩.೧೪. ೩.೧೬. ೩.೨೧.

ಅಂಗಡಿ ನಂಬರು ಎಂದರೆ ನನ್ನ ಫೋನೇ. ಅದರಲ್ಲಿ ಇನ್ನೂ ಇದೆ. ಪೇಂಟರನ ನಂಬರನ್ನು ನಾನು "ಎತ್ತಬಾರದು" ಎಂಬ ಹೆಸರಲ್ಲಿ ಹಾಕಿಕೊಂಡಿದ್ದೆ. ಅವತ್ತು ಮೂರು ಸಲ "ಎತ್ತಬಾರದು" ಎಂದು ಬಂತು, ಮೂರು ಸಲವೂ ಕತ್ತರಿಸಿದೆ. ಮೂರನೇ ಸಲ ಕತ್ತರಿಸುವಾಗ ನನ್ನಷ್ಟಕ್ಕೆ ನಕ್ಕೆ, ಬಡ್ಡೀಮಗ ಸುಸ್ತಾಗಲಿ ಎಂದು. ಈ ಪುಸ್ತಕದ ಮೊದಲ ಪುಟದಲ್ಲಿ ವಿಶೇಷವೇನೂ ನಡೆಯಲಿಲ್ಲ ಎಂದು ಬರೆದಿದ್ದೇನೆ. ಸುಳ್ಳು. ನನ್ನ ಪುಸ್ತಕ, ನಾನೊಬ್ಬಳೇ ಓದುವುದು, ಅದರಲ್ಲೂ ಸುಳ್ಳು.

ಮೂರು ಹದಿನಾಲ್ಕಕ್ಕೆ ಎತ್ತಿದ್ದರೆ, ಬಾಗಿಲು ಒಡೆಯಲು ಹನ್ನೊಂದು ನಿಮಿಷ. ಮೂರು ಇಪ್ಪತ್ತೈದು. ಮೂರು ಇಪ್ಪತ್ತೊಂದಕ್ಕೆ ಎತ್ತಿದ್ದರೂ ಮೂರು ಮೂವತ್ತೆರಡು. ಈ ಲೆಕ್ಕವನ್ನು ಬೆಳಿಗ್ಗೆಯಿಂದ ಎಷ್ಟು ಸಲ ಮಾಡಿದೆನೋ. ಪ್ರತಿ ಸಲವೂ ತಮ್ಮ ಬದುಕುತ್ತಾನೆ.

ಅಮ್ಮನಿಗೆ ಇದು ಗೊತ್ತಾಗಬಾರದು. ಮಗ ಹೋದ ಮೇಲೆ ಅವಳಿಗೆ ಉಳಿದಿರುವುದು ನಾನೊಬ್ಬಳು.

ಮಾರ್ಚ್ ೨೩, ಸೋಮವಾರ

ಹೋಗಿಲ್ಲ. ಅಂಗಡಿಯ ಬಾಗಿಲು ಅರ್ಧ ಹಾಕಿ ಕೂತಿದ್ದೇನೆ. ಕೂತಿದ್ದೇನೆ ಎಂದರೆ ಸುಳ್ಳಾಯಿತು. ಗೋಡೆಯಿಂದ ಗೋಡೆಗೆ ಹನ್ನೆರಡು ಹೆಜ್ಜೆ.

ಮಾರ್ಚ್ ೨೪, ಮಂಗಳವಾರ

ನಾಲ್ಕು ಗಂಟೆಗೆ ಸರಿಯಾಗಿ ಮೇಷ್ಟ್ರು ಒಂದು ಬೀಗ ತಂದರು. "ಕೆಟ್ಟಿದೆ" ಅಂದರು. ಕೀಲಿ ಹಾಕಿ ತಿರುಗಿಸಿದೆ, ಬೆಣ್ಣೆಯ ಹಾಗೆ ತೆರೆಯಿತು. "ಓ, ನಿಮ್ಮ ಕೈಗುಣ" ಅಂದರು. ಒಂದು ಗಂಟೆ ಕೂತು, ಟೀ ಕುಡಿದು, ಎರಡನೇ ಸಲ ಹೇಗೆ ಕೆಲಸ ಕಳೆದುಕೊಂಡೆ ಎಂಬ ಕಥೆ ಹೇಳಿ ಹೋದರು. ಬೀಗವನ್ನು ಮೇಜಿನ ಮೇಲೇ ಬಿಟ್ಟು ಹೋಗಿದ್ದಾರೆ.

ಮಾರ್ಚ್ ೨೫, ಬುಧವಾರ

ನಾಲ್ಕಕ್ಕೆ ನರ್ಸಮ್ಮ. ಸೂಟ್‌ಕೇಸಿನ ಕೀಲಿ ಕಳೆದಿದೆ ಎಂದರು. ಕೀಲಿ ಅದರ ಹಿಡಿಕೆಗೇ ಕಟ್ಟಿತ್ತು. ತೋರಿಸಿದೆ. "ವಯಸ್ಸಾಯ್ತು, ಕಣ್ಣು ಕಾಣಲ್ಲ" ಎಂದರು, ಮೂವತ್ತು ವರ್ಷ ಸೂಜಿ ಚುಚ್ಚಿದ ಹೆಂಗಸು. ಅವರ ಹಿಂದೆ ಇನ್ನಿಬ್ಬರು, ಒಬ್ಬರ ಕೈಯಲ್ಲಿ ಸೈಕಲ್ ಬೀಗ, ಇನ್ನೊಬ್ಬರ ಕೈಯಲ್ಲಿ ಅಡುಗೆಮನೆಯ ಚಿಲಕ. ಒಂದಕ್ಕೂ ರೋಗವಿಲ್ಲ. ಈ ಜನಕ್ಕೆ ಸುಳ್ಳು ಹೇಳಲೂ ಬರುವುದಿಲ್ಲ. ನನ್ನನ್ನು ಏನೆಂದುಕೊಂಡಿದ್ದಾರೆ? ಬೈದೇ ಕಳಿಸಿದೆ.

ಅವರು ಹೋದ ಮೇಲೆ ಅಳು ಬಂತು, ಫೆಬ್ರವರಿಯಿಂದ ಬಂದಿರಲಿಲ್ಲ.

ಮಾರ್ಚ್ ೨೮, ಶನಿವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಮಧ್ಯಾಹ್ನ ಎರಡಕ್ಕೆ ಮೇಷ್ಟ್ರು ಓಡಿ ಬಂದರು. ಕೈಯಲ್ಲಿ ಬೀಗ ಇರಲಿಲ್ಲ. "ಪೇಂಟರ್ ಎರಡು ದಿನದಿಂದ ಬಂದಿಲ್ಲ. ರೂಮಿನ ಬಾಗಿಲು ಒಳಗಿಂದ ಹಾಕಿದೆ. ಬನ್ನಿ." ನಾನು ಚೀಲ ಎತ್ತಿಕೊಂಡೆ. ಹೋಗಬೇಕೋ ಬೇಡವೋ ಎಂದು ಯೋಚಿಸಿದ ನೆನಪಿಲ್ಲ.

ಮೂರನೇ ಮಹಡಿ, ಕೊನೆಯ ಕೋಣೆ. ನರ್ಸಮ್ಮ ಮೂಗಿನ ಔಷಧಿ ಹಿಡಿದು ಆಗಲೇ ಬಾಗಿಲಲ್ಲಿದ್ದರು. ಒಳಗಿಂದ ದನಿ ಬರುತ್ತಿತ್ತು. ಗಂಟಲು ಕಟ್ಟಿತ್ತು, ಆದರೂ ಅವನದೇ. "ಚೆನ್ನಾಗಿ ಕಲಕಿ ಬಳಸಿ. ಒಣಗಲು ಆರು ಗಂಟೆ. ಮಕ್ಕಳ ಕೈಗೆ ಸಿಗದಂತೆ ಇಡಿ. ಬೆಂಕಿಯಿಂದ ದೂರವಿಡಿ..." ಬಣ್ಣದ ಡಬ್ಬಿಯ ಮೇಲಿನದನ್ನು ಓದುತ್ತಿದ್ದಾನೆ. ಮುಗಿದರೆ ಮತ್ತೆ ಮೊದಲಿನಿಂದ.

ಮಾಮೂಲಿ ಬೀಗ, ನನಗೆ ನಲವತ್ತು ಸೆಕೆಂಡಿನ ಕೆಲಸ. ಮಂಡಿಯೂರಿ ಸಲಾಕೆ ಹಾಕಿದೆ. ನರ್ಸಮ್ಮ ಮಣಿಕಟ್ಟು ಹಿಡಿದುಕೊಂಡರು. "ದನಿ ಇರೋ ತನಕ ಬೇಡ. ನಾವು ತೆಗೆದ್ರೆ ಹಿಡಿದ ಹಾಗಾಗುತ್ತೆ. ಅವನೇ ತೆಗೀಲಿ. ಮಾತಾಡ್ಸಿ."

"ಏನು ಮಾತಾಡ್ಲಿ?"

"ಏನಾದ್ರೂ."

ಬಾಗಿಲಿಗೆ ಬಾಯಿ ಹಚ್ಚಿ, "ಏಯ್, ನಾನು" ಎಂದೆ. ಓದು ನಿಂತಿತು. ನರ್ಸಮ್ಮ ಬೆರಳು ಮಡಚತೊಡಗಿದರು. ಏಳು, ಎಂಟು, ಒಂಬತ್ತು.

"ಸ್ಟೇಷನ್‌ಗೆ ಕರ್ಕೊಂಡು ಹೋಗೋಕೆ ಬಂದ್ರಾ?" ಎಂದ ಒಳಗಿಂದ.

"ಯಾರನ್ನೂ ಕರ್ಕೊಂಡು ಬಂದಿಲ್ಲ. ಪುಡಿ ತಗೊಂಡ್ಯಾ?"

"ಮುಂದೆ ಇದೆ. ಬಿಚ್ಚಿಲ್ಲ. ನಿನ್ನೆಯಿಂದ ಇದೆ."

ಮತ್ತೆ ಬೆರಳು. ಐದು, ಆರು. ಬೇರೇನು ಹೇಳಬೇಕೋ ತಿಳಿಯಲಿಲ್ಲ, ಇದ್ದದ್ದು ಅದೊಂದೇ, ಅದನ್ನೇ ಹೇಳಿದೆ. "ಫೋನ್ ಕಟ್ ಮಾಡಿದ್ದು ನಾನು. ಮೂರು ಸಲನೂ."

"ಗೊತ್ತು."

"ಗೊತ್ತಿದ್ದೂ ಸಭೇಲಿ ಯಾಕೆ ಹೇಳ್ಲಿಲ್ಲ?"

ನರ್ಸಮ್ಮನ ಒಂಬತ್ತನೇ ಬೆರಳು ಮಡಚಿತು. "ನಾಲ್ಕನೇ ಸಲ ಮಾಡ್ಬೇಕಿತ್ತು ನಾನು" ಎಂದ.

ನೆಲದ ಮೇಲೆ ಕೂತುಬಿಟ್ಟೆ. ಆಮೇಲೆ ಏನೇನೋ ಮಾತಾಡಿದೆವು. ನನ್ನ ತಮ್ಮ ಕೇಂದ್ರದಲ್ಲಿ ಗುಟ್ಟಾಗಿ ಎಲ್ಲರ ಪೆಟ್ಟಿಗೆ ತೆರೆದು, ಏನೂ ಕದಿಯದೆ, ಬಟ್ಟೆ ಮಾತ್ರ ಮಡಿಸಿಡುತ್ತಿದ್ದನಂತೆ. ಯಾರ ಕೆಲಸ ಎಂದು ವಾರ್ಡಿಗೆಲ್ಲ ತಲೆ ಕೆಟ್ಟಿತ್ತಂತೆ. ನನಗೆ ನಗು ಬಂತು. ಅಪ್ಪ ಅವನ ಬೆರಳಿಗೆ ಹೊಡೆದು ಕಲಿಸಿದ್ದನ್ನು ನಾನು ಹೇಳಿದೆ. ಕಾಲು ಜೋಮು ಹಿಡಿದರೂ ಏಳಲಿಲ್ಲ. ಸಲಾಕೆ ಬೀಗದಲ್ಲೇ ಇತ್ತು, ಕೈ ಮಾತ್ರ ಮಡಿಲಲ್ಲಿತ್ತು. ಒಂದೂವರೆ ಗಂಟೆಯ ಮೇಲೆ ಒಳಗಿಂದ ಬೀಗ ತಿರುಗಿತು.

ಗಡ್ಡ ಬಂದಿತ್ತು, ಅಂಗಿಯ ತುಂಬ ಬಣ್ಣ. ಪೊಟ್ಟಣವನ್ನು ನರ್ಸಮ್ಮನ ಕೈಗೆ ಹಾಕಿದ. "ಟೈಮೆಷ್ಟು?" ಎಂದ.

"ನಾಲ್ಕಕ್ಕೆ ಹತ್ತು ನಿಮಿಷ" ಎಂದರು ಮೇಷ್ಟ್ರು. "ಬೇಗ ಚಪ್ಪಲಿ ಹಾಕ್ಕೋ. ತಡವಾದ್ರೆ ಗೈರುಹಾಜರಿ."

ಏಪ್ರಿಲ್ ೧, ಬುಧವಾರ

ಬಚ್ಚಲಿಗೆ ಬಾಗಿಲು ಹಾಕಿದೆ. ಒಳ್ಳೆಯ ಮರ ಸಿಕ್ಕಿತು.

ಪೇಂಟರ್ ಈಗ ಊಟ ಮಾಡುತ್ತಿದ್ದಾನೆ. ತೆಳ್ಳಗಿದ್ದಾನೆ, ಆದರೂ ಪರವಾಗಿಲ್ಲ. ನಿನ್ನೆ ಸಭೆಯ ಕುರ್ಚಿಗಳನ್ನು ಅವನೂ ನಾನೂ ಜೋಡಿಸಿದೆವು. ಏಣಿ ಹತ್ತುವಾಗ ಕಟ್ಟಿಕೊಳ್ಳುವ ಹಗ್ಗ ಸವೆದಿದೆಯಂತೆ. ಹೊಸದು ತಗೋ ಅಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ಎಲ್ಲ ತಮ್ಮಂದಿರೂ ಒಂದೇ ಜಾತಿ. ಆರನೇ ತಾರೀಖಿಗೆ ಏನು ಹೇಳಬೇಕೆಂದು ಗೊತ್ತಾಗಿದೆ. ಅದಕ್ಕೆ ಮುಂಚೆ ಅಮ್ಮನಿಗೆ ಹೇಳಬೇಕು. ಹೇಗೆ ಎಂಬುದು ಮಾತ್ರ ಗೊತ್ತಿಲ್ಲ.

ಏಪ್ರಿಲ್ ೪, ಶನಿವಾರ

ಅಮ್ಮನಿಗೆ ಹೇಳಲಿಲ್ಲ. ಬಾಯಿ ತೆರೆದೆ, "ಟೀಗೆ ಸಕ್ಕರೆ ಕಡಿಮೆ" ಎಂದೆ.

ಏಪ್ರಿಲ್ ೬, ಸೋಮವಾರ

ಬೆಳಿಗ್ಗೆ ಹೇಳಿದೆ. ಅಮ್ಮ ಕಿಟಕಿಯ ಹತ್ತಿರ ಕೂತು ತಮ್ಮನ ಅಂಗಿಯ ಗುಂಡಿ ಹೊಲಿಯುತ್ತಿದ್ದಳು. ಯಾರಿಗಾಗಿ ಎಂದು ನಾನು ಕೇಳುವುದಿಲ್ಲ. ಎದುರಿಗೆ ನಿಂತುಕೊಂಡೇ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಪೇಂಟರ್ ಎಚ್ಚರಿಸಲು ಮೂರು ಸಲ ಫೋನ್ ಮಾಡಿದ್ದ, ಮೂರು ಸಲವೂ ಕತ್ತರಿಸಿದ್ದು ನಾನು.

ಅಮ್ಮ ಸೂಜಿ ನಿಲ್ಲಿಸಲಿಲ್ಲ. "ನಾನೇ ಅಲ್ವಾ ಹೇಳಿದ್ದು?" ಎಂದಳು.

"ಏನು?"

"ಎರಡನೇ ಸಲ ಬಾರಿಸಿದಾಗ ಅಡುಗೆಮನೆಯಿಂದ ಕೂಗಿ ಹೇಳ್ದೆ, ಆ ಪೇಂಟರ್ ಆಗಿದ್ರೆ ಎತ್ಬೇಡ ಅಂತ. ನೀನು ಎತ್ತೋಕೆ ಹೊರಟಿದ್ದೆ, ನನ್ನ ಮಾತು ಕೇಳಿ ಬಿಟ್ಟೆ ಅಂತ ಅಂದ್ಕೊಂಡಿದ್ದೀನಿ. ನನ್ನ ಮಗನ್ನ ನಾನೇ ಕೊಂದೆ ಅಂತ ಐವತ್ನಾಲ್ಕು ದಿನದಿಂದ ಅಂದ್ಕೊಂಡೇ ಇದ್ದೀನಿ. ನಿಂಗೆ ಗೊತ್ತಾದ್ರೆ ನೀನೂ ಬಿಟ್ಟು ಹೋಗ್ತೀಯ ಅಂತ ಬಾಯಿ ಬಿಡ್ಲಿಲ್ಲ."

ನನಗೆ ಆ ಕೂಗು ಕೇಳಿಸಿರಲೇ ಇಲ್ಲ. ಸ್ಪ್ರಿಂಗು ಕುಟ್ಟುವ ಸದ್ದಿನಲ್ಲಿದ್ದೆ. ಅದನ್ನು ಅಮ್ಮನಿಗೆ ಎಷ್ಟು ಸಲ ಹೇಳಿದರೂ ನಂಬಲಿಲ್ಲ. ಕೊನೆಗೆ ಅವಳ ಕಾಲ ಹತ್ತಿರ ಕೂತೆ. ಇಬ್ಬರೂ ಅತ್ತೆವು. ಆಮೇಲೆ ಅವಳು ಮುಖ ತೊಳೆದು ಬಂದು, "ಸ್ಟೇಷನ್‌ಗೆ ನಾನೂ ಬರ್ತೀನಿ" ಎಂದಳು.

ಇನ್‌ಸ್ಪೆಕ್ಟರ್ ಮೂರು ಗಂಟೆಗೆ ಸಿಕ್ಕರು. ಎಲ್ಲ ಹೇಳಿದೆ. ಪೊಟ್ಟಣ, ಅರ್ಧ ಅರ್ಧ, ಮೂರು ಫೋನು, ನನ್ನ ಚಿಲಕ. ಹೇಳಿಕೆ ಬರೆದುಕೊಳ್ಳುವವನು ಪೆನ್ನು ಎತ್ತಿ, "ಫೋನು, ಚಿಲಕ ಇದೆಲ್ಲ ಬೇಡಮ್ಮ. ತಪ್ಪು ಯಾರದ್ದು ಅಷ್ಟು ಹೇಳಿ" ಎಂದ.

"ಬರ್ಕೊಳ್ಳಪ್ಪ" ಎಂದಳು ಅಮ್ಮ. "ಅವಳು ಹೇಳಿದ್ದೆಲ್ಲ ಬರ್ಕೋ. ಆಮೇಲೆ ನಂದೂ ಇದೆ. ಹಾಳೆ ಸಾಲ್ದಿದ್ರೆ ಹೇಳು, ಹೊರಗಡೆ ಅಂಗಡಿಯಿಂದ ತರ್ತೀನಿ."

ಬರೆದುಕೊಂಡ. ಇನ್‌ಸ್ಪೆಕ್ಟರ್ ಫೈಲು ತಿರುವಿ ಹಾಕುತ್ತ, "ಆ ಪೇಂಟರ್ ಬೆಳಿಗ್ಗೆ ಎಂಟಕ್ಕೇ ಬಂದು ತನ್ನದೆಲ್ಲ ಬರೆಸಿದ್ದಾನೆ. ಪುಡಿ ಮಾರಿದವನ ಗುರುತನ್ನೂ ಕೊಟ್ಟಿದ್ದಾನೆ. ನಮಗೆ ಬೇಕಾಗಿರೋನು ಆ ಮಾರಿದೋನು. ಕರೆದಾಗ ಬಾ, ಊರು ಬಿಡ್ಬೇಡ, ಹೋಗು ಅಂತ ಆಗಲೇ ಹೇಳಿದ್ದೀನಿ. ಹಿಂದೆ ಬೆಂಚಲ್ಲಿ ಕೂತೋನು ಮೇಲಕ್ಕೇ ಏಳ್ತಿಲ್ಲ. ನೀವೇ ಕರ್ಕೊಂಡು ಹೋಗಿ" ಎಂದರು.

ಹಿಂದಿನ ಜಗಲಿಯ ಬೆಂಚಿನ ಮೇಲೆ ಪೇಂಟರ್ ಕೂತಿದ್ದ. ಗಡ್ಡ ಹೆರೆಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಮಂಡಿಯ ಮೇಲೆ ಒಂದು ಬಟ್ಟೆಚೀಲ. ಚೀಲದ ಬಾಯಿ ತೆರೆದಿತ್ತು, ಒಳಗಿದ್ದದ್ದು ಕಾಣುತ್ತಿತ್ತು. ಎರಡು ಅಂಗಿ, ಟವೆಲು, ಸೋಪು, ಹಲ್ಲುಜ್ಜುವ ಬ್ರಷ್ಷು. ಜೈಲಿಗೆ ಹೋಗಲು ತಯಾರಾಗಿ ಬಂದವನಿಗೆ, ಹೋಗು ಅಂದರೆ ಎಲ್ಲಿಗೆ ಹೋಗಬೇಕೆಂದು ತಿಳಿದಿರಲಿಲ್ಲ. ಅಮ್ಮನನ್ನು ನೋಡಿ ಎದ್ದು ನಿಂತ.

ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಚೀಲ ಇಲ್ಲಿ ಕೊಡು" ಎಂದಳು.

"ಬೇಡಮ್ಮ, ಭಾರ ಏನಿಲ್ಲ, ನಾನೇ..."

"ನಿನ್ನ ಕೈಲಿ ಬಿಟ್ರೆ ಮತ್ತೆ ಒಳಗೆ ಹೋಗಿ ಕೂತ್ಕೋತೀಯ. ಕೊಡು."

ಕಿತ್ತುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು. ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಮೂವರೂ ಸಭೆಗೆ ನಡೆದೇ ಹೋದೆವು. ದಾರಿಯಲ್ಲಿ ಅವನು ಎರಡು ಸಲ ಕೈ ಚಾಚಿದ, ಅಮ್ಮ ಚೀಲ ಕೊಡಲಿಲ್ಲ.